ಮೂರನೆಯ ಮೂವರು

ಟ್ಯಾಕ್ಸಿ ರೈಲು ಸೇತುವೆಯ ಕೆಳಗೆ ಸಿಕ್ಕಿಹಾಕಿಕೊಂಡು ಹತ್ತು ನಿಮಿಷವಾಗಿತ್ತು. ಗಂಡನ ಅಂಗಿಯ ಕಡೆ ನೋಡಬಾರದೆಂದುಕೊಂಡಷ್ಟೂ ರಬಾಬಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬಿಳಿ ಅಂಗಿ, ಆರು ಗುಂಡಿ. ಆರೂ ಗುಂಡಿಗಳು ಕಾಜಗಳಲ್ಲಿ ತೂರಿ ಕೂತಿವೆ ಎಂದು ನೋಡಿದವರಿಗೆ ಅನ್ನಿಸಬೇಕು, ಅನ್ನಿಸುತ್ತಲೂ ಇತ್ತು. ನಿಜದಲ್ಲಿ ಅವಳು ಕಾಜಗಳನ್ನೆಲ್ಲ ಹೊಲಿದು ಮುಚ್ಚಿ, ಗುಂಡಿಗಳನ್ನು ಅವುಗಳ ಮೇಲೆಯೇ ಕೂರಿಸಿ, ಒಳಗಡೆ ಎಳೆಮಕ್ಕಳ ಬಟ್ಟೆಗೆ ಹಾಕುವಂಥ ಟಿಚ್ ಬಟನ್‌ಗಳನ್ನು ಇಟ್ಟಿದ್ದಳು. ಅಂಗೈಯಲ್ಲಿ ಒತ್ತಿದರೆ ಕೂರುತ್ತವೆ, ಎಳೆದರೆ ಬಿಚ್ಚುತ್ತವೆ. ಬೆರಳಿಗೆ ಕೆಲಸವೇ ಇಲ್ಲ. ಉಪಾಯ ಲುತ್ಫಿಯದು. ಇಪ್ಪತ್ತು ವರ್ಷ ಶುಬ್ರಾ ಬಡಾವಣೆಯ ಒಂದೇ ಗಲ್ಲಿಯಲ್ಲಿ ಜನರ ಬಟ್ಟೆ ಇಸ್ತ್ರಿ ಮಾಡಿದವನಿಗೆ ಯಾವ ಬಟ್ಟೆಯ ಒಳಗೆ ಏನು ಮೋಸ ಅಡಗಿರುತ್ತದೆಂದು ಗೊತ್ತು. ಹೊಲಿಗೆ ಮಾತ್ರ ಅವಳದು.

"ಕಾಲರ್ ನೋಡು," ಎಂದ ಅವನು, ಕಿಟಕಿಯಾಚೆ ನೋಡುತ್ತಲೇ. "ಮೇಕೆ ಅಗಿದು ಬಿಟ್ಟ ಹಾಗಿದೆ. ಯೂನಿವರ್ಸಿಟಿಯಲ್ಲಿ ಇಸ್ತ್ರಿ ಹೇಳಿಕೊಡ್ಲಿಲ್ಲ ಅಂತ ಕಾಣ್ತದೆ."

"ನೀನೇ ಮಾಡ್ಕೋಬೇಕಿತ್ತು."

ಆಡಿದ ಮೇಲೆ ಆ ಮಾತು ಕಾರಿನೊಳಗೆ ಉಳಿದುಕೊಂಡಿತು. ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ, "ಬೆಳಿಗ್ಗೆ ಬೆಳಿಗ್ಗೆ ಬಿಳಿ ಅಂಗಿ. ಮದುವೇಗಾ, ಯಾ ಉಸ್ತಾ, ಯಜಮಾನ್ರೇ?" ಎಂದ.

"ಹೌದು. ನಂದೇ," ಎಂದ ಲುತ್ಫಿ. "ಇವಳು ಸಾಕಾಯ್ತು, ಇನ್ನೊಬ್ಬಳ್ನ ನೋಡೋಕೆ ಹೊರಟಿದ್ದೀನಿ. ಇವಳೇ ಕರ್ಕೊಂಡು ಹೋಗ್ತಿದಾಳೆ."

ಡ್ರೈವರ್ ನಕ್ಕ. ಲುತ್ಫಿ ನಗಲಿಲ್ಲ. ಅವನ ಎರಡೂ ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು, ಯಾರೋ ಸ್ವಲ್ಪ ನೋಡಿಕೊಂಡಿರಿ ಎಂದು ಕೊಟ್ಟು ಮರೆತುಹೋದ ಸಾಮಾನಿನ ಹಾಗೆ. ರಬಾಬಳ ಮಡಿಲಲ್ಲಿ ಆಸ್ಪತ್ರೆಯ ದಿನಚರಿ ಪುಸ್ತಕವಿತ್ತು. ಇಪ್ಪತ್ತೆಂಟು ಪುಟ. ಪ್ರತಿ ಪುಟದಲ್ಲೂ ಅವವೇ ಪ್ರಶ್ನೆಗಳು: ಜ್ವರ, ವಾಂತಿ, ಬಾಯಿಹುಣ್ಣು, ಬೆರಳುಗಳಲ್ಲಿ ಮರಗಟ್ಟುವಿಕೆ. ಪ್ರತಿದಿನ ಸಂಜೆಯ ಪ್ರಾರ್ಥನೆಯ ಕರೆ ಮುಗಿದ ಮೇಲೆ ಅವನು ಮಂಚದ ಮೇಲಿಂದ ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು. ಜ್ವರ ಇಲ್ಲ. ವಾಂತಿ ಎರಡು ಸಲ. ಬೆರಳು, ಇಲ್ಲ. ಒಂಬತ್ತನೆಯ ದಿನ ಅವನು ಆ ಮಾತಿನ ಮುಂದೆ ಒಂದು ಕ್ಷಣ ನಿಂತಿದ್ದ. ಅವಳು ಲೇಖನಿ ಎತ್ತಿಕೊಂಡು ಕಾದಿದ್ದಳು. "ಬರಿ, ಇಲ್ಲ," ಎಂದಿದ್ದ. ಅವಳ ಅಕ್ಷರ ಚೆನ್ನಾಗಿತ್ತು. ಇತಿಹಾಸ ಓದಿದವಳು, ನಾಲ್ಕು ವರ್ಷ ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಂಡು ಪಾಸಾದವಳು.

ಹಾಗೆ ಸುಳ್ಳು ಬರೆದ ಪಾಪದ ತೂಕ ಎಷ್ಟೆಂದು ಅವಳಿಗೆ ಮೊದಲ ದಿನವೇ ತಿಳಿಸಲಾಗಿತ್ತು. ತಿಳಿದಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿರಲಿಲ್ಲ. ಲುತ್ಫಿಯ ಕರುಳಿನಲ್ಲಿ ಹುಟ್ಟಿ ಯಕೃತ್ತಿಗೆ ಹತ್ತಿದ ಗಡ್ಡೆ ಎರಡು ಬಗೆಯ ಔಷಧಿಗೆ ಮೊದಲು ಕುಗ್ಗಿ, ಆಮೇಲೆ ಅವುಗಳನ್ನು ಅರಗಿಸಿಕೊಂಡು ಮತ್ತೆ ಬೆಳೆದಿತ್ತು. ಈಗ ಹಳೆಯದೊಂದು ಔಷಧಿಗೆ ಹೊಸದೊಂದನ್ನು ಸೇರಿಸಿ ಕೊಟ್ಟು ನೋಡುತ್ತಿದ್ದರು. ಡಾಕ್ಟರ್ ವಜೀಹ್ ಕನ್ನಡಕ ಒರೆಸುತ್ತ ಹೇಳಿದ್ದರು: "ವಾಸಿ ಮಾಡ್ತೀನಿ ಅಂತ ನಾನು ಹೇಳ್ತಿಲ್ಲ. ಎಷ್ಟು ಕೊಟ್ರೆ ಮನುಷ್ಯ ತಡ್ಕೋತಾನೆ ಅನ್ನೋದಷ್ಟೇ ಈಗಿನ ಪರೀಕ್ಷೆ." ಲುತ್ಫಿ ತಲೆಯಾಡಿಸಿದ್ದ. ಅವನ ಕಿವಿಗೆ ಬಿದ್ದದ್ದು ಹೊಸ ಔಷಧಿ ಎಂಬ ಮಾತು ಒಂದೇ. ಆಮೇಲೆ ನರ್ಸ್ ತಹಾನಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು. ಮೂರು ಮೂರು ಜನ. ಮೊದಲ ಮೂವರಿಗೆ ಕಡಿಮೆ, ಎರಡನೆಯ ಮೂವರಿಗೆ ಸ್ವಲ್ಪ ಜಾಸ್ತಿ. "ನಿಮ್ಮವರು ಮೂರನೇ ಮೂವರಲ್ಲಿ ಒಬ್ರು. ಇಪ್ಪತ್ತೆಂಟು ದಿನ ನೋಡ್ತೀವಿ. ಮೂವರೂ ತಡ್ಕೊಂಡ್ರೆ ಮುಂದಿನ ಮೂವರಿಗೆ ಇನ್ನೂ ಏರಿಸ್ತೀವಿ. ಒಬ್ಬರಿಗೆ ಕೈಕಾಲು ಹೋಯ್ತು ಅಂದ್ರೆ ಏರಿಸೋದಿಲ್ಲ, ಅಲ್ಲೇ ನಿಲ್ಲುತ್ತೆ. ಅದಕ್ಕೇ ಈ ಪುಸ್ತಕ. ಅರ್ಥ ಆಯ್ತಾ, ಓದಿದವರು ನೀವು?" ಅರ್ಥವಾಗಿತ್ತು. ಓದಿದವರು ಎಂದದ್ದಕ್ಕೆ ಅವಳಿಗೆ ಒಳಗೊಳಗೇ ಹಿತವೂ ಆಗಿತ್ತು.

ಟ್ಯಾಕ್ಸಿ ಹೊರಟಿತು. ಸುಟ್ಟ ವಾಸನೆ ಬಂದಂತಾಗಿ ಅವಳು ಬೆಚ್ಚಿದಳು; ಯಾವುದೋ ಬಸ್ಸಿನ ಬ್ರೇಕು. ಹನ್ನೆರಡನೆಯ ದಿನ ಅವಳು ಅಂಗಡಿಗೆ ಊಟ ತೆಗೆದುಕೊಂಡು ಹೋದಾಗಲೂ ಗಲ್ಲಿಯ ತಿರುವಿನಲ್ಲೇ ವಾಸನೆ ಬಂದಿತ್ತು. ಯಾರದ್ದೋ ಉಣ್ಣೆಯ ಕೋಟು ಸುಟ್ಟ ಎಂದುಕೊಂಡಳು. ಒಳಗೆ ಲುತ್ಫಿ ಎಂದಿನ ಹಾಗೆ ನಿಂತಿದ್ದ, ಇಸ್ತ್ರಿಪೆಟ್ಟಿಗೆಯ ಕಾವು ನೋಡಲು ಬೆರಳನ್ನು ನೀರಲ್ಲಿ ಅದ್ದಿ ತಳಕ್ಕೆ ಮುಟ್ಟಿಸಿದ್ದ. ಮುಟ್ಟಿಸಿ ತೆಗೆದಿರಲಿಲ್ಲ. ಬಾಗಿಲಲ್ಲಿ ಕಂಡ ಪಕ್ಕದ ಮನೆಯವನ ಹತ್ತಿರ ಯಾವುದೋ ಪ್ಯಾಂಟಿನ ಗೆರೆಯ ವಿಚಾರ ಮಾತಾಡುತ್ತಿದ್ದ. ಅವಳು ಕೂಗಿದ ಮೇಲೆ ಕೈ ಎಳೆದುಕೊಂಡು ಬೆರಳನ್ನು ನೋಡಿದ, ಗಿರಾಕಿ ತಂದುಕೊಟ್ಟ ಬಟ್ಟೆಯ ಮೇಲಿನ ಕಲೆ ನೋಡುವ ಹಾಗೆ, ಇದು ನನ್ನ ಕೈಯಲ್ಲಿ ಆದದ್ದಲ್ಲ ಅನ್ನುವ ಹಾಗೆ. ಅಂದು ಸಂಜೆ ಅವಳು ಬರೆದಳು: ಬಲಗೈ ತೋರುಬೆರಳು, ಕೆಲಸದಲ್ಲಿ ಸುಟ್ಟದ್ದು. ಅದು ಸುಳ್ಳಲ್ಲ. ಆ ಪುಸ್ತಕದಲ್ಲಿ ಅದಕ್ಕಿಂತ ಕೆಟ್ಟ ಸಾಲು ಇನ್ನೊಂದಿಲ್ಲ.

"ಬೆರಳನ್ನೇ ಕೊಂದ ಔಷಧಿ ಆ ಗಡ್ಡೇನ ಬಿಡ್ತದಾ?" ಎಂದಿದ್ದ ಲುತ್ಫಿ, ಹದಿನೈದನೆಯ ದಿನ ಎರಡನೆಯ ಡ್ರಿಪ್ ಹಾಕಿಸಿಕೊಂಡು ಬಂದು. ಅವನ ಕಣ್ಣಲ್ಲಿ ಅಂಥ ಬೆಳಕನ್ನು ಅವಳು ಮದುವೆಯಲ್ಲೂ ಕಂಡಿರಲಿಲ್ಲ. ಅವನ ತಾಯಿ ಹಜ್ಜಾ ಇನ್ಶಿರಾಹ್, ಆ ಕಾಯಿಲೆ ಎಂದಷ್ಟೇ ಹೇಳುವವಳು, ಕ್ಯಾನ್ಸರ್ ಎಂಬ ಮಾತು ಮನೆಯ ಹೊಸಿಲು ದಾಟದಂತೆ ನೋಡಿಕೊಂಡವಳು, ಮಗನ ಬಾಯಿಗೆ ತಾನೇ ಅನ್ನದ ತುತ್ತು ಇಡುತ್ತ ಸೊಸೆಯ ಕಡೆ ತಿರುಗಿ ಅಂದಿದ್ದಳು: "ಆಸ್ಪತ್ರೇಲಿ ನಿನ್ನ ನಾಲಿಗೆ ಬಿಚ್ಚಬೇಡ. ಓದಿದ ಹೆಂಗಸಿಗೆ ಬಾಯಿ ಸುಮ್ಮನಿರಲ್ಲ. ನನ್ನ ಮಗನಿಗೆ ಔಷಧಿ ನಿಂತ್ರೆ ನಿನ್ನಿಂದ ನಿಂತಿತು ಅಂತ ತಿಳ್ಕೋತೀನಿ." ಅದೇ ವಾರ ಒಂದು ಸಂಜೆ ಲುತ್ಫಿ ಅವಳ ಕೆನ್ನೆ ಮುಟ್ಟಿದ್ದ. ಮುಟ್ಟಿ, ಮುಟ್ಟಿದ್ದು ಹೌದೋ ಅಲ್ಲವೋ ಎಂದು ಕಣ್ಣಲ್ಲೇ ನೋಡಿ ಖಚಿತ ಮಾಡಿಕೊಂಡಿದ್ದ. ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಒಂದು ಬಗೆಯ ಬಿಡುಗಡೆ: ಇನ್ನು ಮೇಲೆ ತನ್ನ ಮೈ ಅವನಿಗೆ ಏನು ಹೇಳುತ್ತದೆ ಎಂದು ತಾನು ಕಾಯಬೇಕಾಗಿಲ್ಲ.

ಆಸ್ಪತ್ರೆಯ ಐದನೆಯ ಮಹಡಿಯಲ್ಲಿ ತಹಾನಿ ಪುಸ್ತಕ ತೆಗೆದುಕೊಂಡು ಪುಟ ತಿರುವಿದಳು. "ದೇವರು ನಿಮ್ಮ ಕೈ ಚೆನ್ನಾಗಿಟ್ಟಿರಲಿ. ಒಂಬತ್ತು ಜನರ ಪುಸ್ತಕದಲ್ಲಿ ಇದೊಂದೇ ಓದೋ ಹಾಗಿರೋದು. ತಾಂತಾ ಊರಿನವರು ಚಹಾ ಚೆಲ್ಲಿ ತಂದಿದಾರೆ. ಫಯ್ಯೂಮ್‌ನವರು ಏಳು ದಿನ ಒಟ್ಟಿಗೆ ಬರೆದಿದಾರೆ, ನಾನೇನು ಕುರುಡಿಯಾ? ಬನ್ನಿ, ಉಸ್ತಾ ಲುತ್ಫಿ. ಡಾಕ್ಟರ್ ನೋಡಿ ಸಹಿ ಹಾಕಿದ್ರೆ ಕೆಳಗಡೆ ಔಷಧಿ ಕಲಸೋಕೆ ಹೇಳಿಬಿಡ್ತೀನಿ. ಮಧ್ಯಾಹ್ನಕ್ಕೆ ಅವರ ಸಭೆ ಬೇರೆ ಇದೆ, ಮುಂದಿನ ಮೂವರ ಅಳತೆ ಗೊತ್ತು ಮಾಡೋಕೆ."

ಡಾಕ್ಟರ್ ವಜೀಹ್ ನಿದ್ದೆಗೆಟ್ಟವರ ಹಾಗಿದ್ದರು. ಹೊಟ್ಟೆ ಒತ್ತಿದರು, ನಾಲಿಗೆ ನೋಡಿದರು, ಬೆರಳಿನ ಸುಟ್ಟ ಗಾಯದ ಮೇಲೆ ಕಣ್ಣಾಡಿಸಿ "ಕೆಲಸ ಸ್ವಲ್ಪ ಬಿಡಿ ಅಂದಿದ್ನಲ್ಲ" ಎಂದರು.

"ಬಿಟ್ರೆ ಗಿರಾಕಿಗಳು ಸುಕ್ಕು ಬಟ್ಟೇಲಿ ಓಡಾಡ್ಬೇಕು, ಡಾಕ್ಟರ್."

"ಗುಂಡಿ ಬಿಚ್ಚಿ. ಮತ್ತೆ ಹಾಕಿ."

ಲುತ್ಫಿ ಮೇಲಿಂದ ಶುರುಮಾಡಿದ. ಪ್ರತಿ ಗುಂಡಿಗೂ ಒಂದೊಂದು ಸಣ್ಣ ಟಿಕ್ ಶಬ್ದ. ಮೊದಲನೆಯದಕ್ಕೆ ಅವನು ಕೆಮ್ಮಿದ. ಎರಡನೆಯದಕ್ಕೆ ಚಳಿಗಾಲದ ಬಗ್ಗೆ ಏನೋ ಹೇಳಿದ. ರಬಾಬ್ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳ ಹೆಸರನ್ನು ಓದಿದಳು, ಮತ್ತೆ ಓದಿದಳು. ಅವನು ಎಷ್ಟು ಅಂದವಾಗಿ ಮಾಡುತ್ತಿದ್ದ. ತೋರುಬೆರಳು ಹೆಬ್ಬೆರಳು ಸೇರಿಸಿ ಗುಂಡಿಯನ್ನು ತಿರುವಿದಂತೆ ನಟಿಸಿ, ಅಂಗೈಯ ಬುಡದಿಂದ ಒತ್ತುತ್ತಿದ್ದ. ಒಂಬತ್ತು ದಿನ ಕನ್ನಡಿಯ ಮುಂದೆ ಕಲಿತದ್ದು. ಡಾಕ್ಟರು ಆರನೆಯ ಗುಂಡಿಯ ತನಕ ಕಾಯಲಿಲ್ಲ, ಕಾಗದದ ಮೇಲೆ ಬಾಗಿದರು. ನರದ ತೊಂದರೆ ಎಂಬಲ್ಲಿ ಸೊನ್ನೆ ಬರೆದದ್ದು ಅವಳಿಗೆ ತಲೆಕೆಳಗಾಗಿಯೂ ಕಂಡಿತು.

ಹೊರಗೆ ಬಂದಾಗ ಲುತ್ಫಿಯ ಹಣೆ ಬೆವೆತಿತ್ತು. "ನೋಡಿದ್ಯಾ?" ಎಂದ. ತೂಕ ನೋಡಲು ಅವನನ್ನು ಪಕ್ಕದ ಕೋಣೆಗೆ ಕರೆದರು. ಬೆಂಚಿನ ಮೇಲೆ ದಪ್ಪ ಕೋಟಿನ ಹೆಂಗಸೊಬ್ಬಳು ಕೂತಿದ್ದಳು, ಮಡಿಲಲ್ಲಿ ಹೊಚ್ಚಹೊಸ ದಿನಚರಿ ಪುಸ್ತಕ. ಅದರ ಮೇಲಿನ ಸಂಖ್ಯೆ ಹತ್ತು: ಮುಂದಿನ ಮೂವರಲ್ಲಿ ಮೊದಲನೆಯವಳು.

"ಅಬ್ಲಾ ಮದೀಹಾ, ಟೀಚರ್, ಇವರೇ," ಎಂದು ತಹಾನಿ ಲುತ್ಫಿಯ ಪುಸ್ತಕವನ್ನು ಆ ಹೆಂಗಸಿನ ಕೈಗೆ ಕೊಟ್ಟಳು. "ಹೀಗೆ ಬರೀಬೇಕು. ಇವರನ್ನೇ ಕೇಳಿ ತಿಳ್ಕೊಳ್ಳಿ."

"ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದೆ ನಾನು," ಎಂದಳು ಮದೀಹಾ, ತಹಾನಿ ಹೋದ ಮೇಲೆ. "ಬರೆಯೋದು ಹೇಗೆ ಅಂತ ಇಸ್ತ್ರಿಯವನ ಹೆಂಡ್ತಿ ಹತ್ರ ಕೇಳ್ಬೇಕಂತೆ. ನೀನು ಇಸ್ತ್ರಿಯವನ ಹೆಂಡ್ತಿ ತಾನೆ? ಅವನ ಕೈ ನೋಡಿದೆ. ಕೂತ್ಕೋ, ಕತ್ತು ನೋಯ್ತದೆ ನಿನ್ನ ನೋಡಿ ನೋಡಿ."

ರಬಾಬ್ ಕೂತಳು. ಮದೀಹಾ ಕನ್ನಡಕ ಏರಿಸಿ ಪುಟ ತಿರುವಿದಳು. ತಪ್ಪು ಹುಡುಕುವ ಅಭ್ಯಾಸದ ಬೆರಳು ಸಾಲಿನ ಕೆಳಗೆ ಸರಿಯಿತು. "ಅಕ್ಷರ ಪರವಾಗಿಲ್ಲ. ಬೆರಳು, ಇಲ್ಲ. ಇಲ್ಲ. ಇಲ್ಲ. ಇಲ್ಲ." ಗಟ್ಟಿಯಾಗಿ, ಹಾಜರಿ ಕರೆಯುವ ದನಿಯಲ್ಲಿ ಓದಿದಳು. ಪಕ್ಕದವರು ತಿರುಗಿ ನೋಡಿದರು. "ನಿನ್ನ ಗಂಡ ಏನು ಕಲ್ಲಾ? ಏನೂ ಆಗ್ಲೇ ಇಲ್ವಾ?"

"ವಾಂತಿ ಆಗಿತ್ತು."

"ವಾಂತಿ ಬಿಡು, ಬಸುರಿ ಹೆಂಗಸೂ ಮಾಡ್ತಾಳೆ. ಕೈ ಹೋಗ್ತದೆ ಅಂತ ಹೆದರಿಸಿಟ್ಟಿದಾರೆ ನನಗೆ. ನನ್ನ ಸೊಸೆ ಕಾಯ್ತಿದಾಳೆ, ಅವಳ ಕೈಯಲ್ಲಿ ತುತ್ತು ತಿನ್ನೋ ಗತಿ ನನಗೆ ಯಾವಾಗ ಬರ್ತದೆ ಅಂತ. ಹೋದ ಶುಕ್ರವಾರ ನನ್ನ ಎದುರಿಗೇ ಚಮಚ ತೊಳೆದು ಇಟ್ಕೊಂಡ್ಳು. ನಾನು ಸತ್ರೂ ಸರಿ, ಅದು ಬೇಡ." ಪುಸ್ತಕವನ್ನು ಮುಚ್ಚಿದಳು. ದನಿ ಸ್ವಲ್ಪ ತಗ್ಗಿತು. "ಇವನಿಗೆ ಏನೂ ಆಗಿಲ್ಲ ಅಂದ್ರೆ ನನಗೂ ಆಗಲ್ಲ. ಮೂರು ರಾತ್ರಿಯಿಂದ ನಿದ್ದೆ ಇರ್ಲಿಲ್ಲ, ಇವತ್ತು ಬರ್ತದೆ. ತಗೋ. ಮೂಗು ಒರೆಸ್ಕೋ, ಕೆಟ್ಟದಾಗಿ ಕಾಣ್ತೀಯ."

ರಬಾಬ್ ಮೂಗು ಮುಟ್ಟಿಕೊಂಡಳು. ಒದ್ದೆಯಾಗಿತ್ತು. ಈ ಹೆಂಗಸಿನ ಮೇಲೆ ತನಗೆ ಕರುಣೆ ಇಲ್ಲವೆಂದು ಅವಳಿಗೆ ಸ್ಪಷ್ಟವಾಗಿತ್ತು. ಅವಳ ಸೊಸೆಯ ಪರವಾಗಿಯೇ ತಾನು ಇದ್ದೇನೆ ಎಂದೂ ಅನ್ನಿಸಿತು. ಆದರೂ ಅವಳು ಎದ್ದಿದ್ದಳು. ಯಾಕೆ ಎದ್ದೆ ಎಂದು ಆಮೇಲೆ ಬಹಳ ಸಲ ಕೇಳಿಕೊಳ್ಳಲಿದ್ದಳು. ನ್ಯಾಯಕ್ಕಾಗಿಯೋ, ಹಾಜರಿ ಕರೆದಂತೆ ತನ್ನ ಅಕ್ಷರವನ್ನು ಎಲ್ಲರೆದುರು ಓದಿದ್ದಕ್ಕೋ, ಕಾಲರಿನ ಮಾತಿಗೋ, ಅವನ ತಾಯಿಯ ತುತ್ತಿಗೋ. ಲುತ್ಫಿ ಬದುಕಲಿ ಎಂದು ತಾನು ನಿಜವಾಗಿ ಬಯಸಿದ್ದೆನೇ ಎಂಬ ಪ್ರಶ್ನೆಯೂ ಅಲ್ಲಿ ಎಲ್ಲೋ ಇತ್ತು, ಅದರ ಮುಖ ನೋಡದೆ ಅವಳು ನಾಲ್ಕು ಹೆಜ್ಜೆ ನಡೆದು ಡಾಕ್ಟರರ ಬಾಗಿಲು ತಳ್ಳಿದಳು.

ತಹಾನಿ ಅಲ್ಲೇ ಇದ್ದಳು, ಟೆಲಿಫೋನ್ ಎತ್ತಿಕೊಂಡು ಕೆಳಗೆ ಔಷಧಿ ಕಲಸಲು ಹೇಳುತ್ತಿದ್ದಳು.

"ಇರಿ," ಎಂದಳು ರಬಾಬ್. "ಕಲಸಬೇಡಿ. ಆ ಅಂಗಿ ನಾನು ಹೊಲಿದದ್ದು. ಒಳಗೆ ಟಿಚ್ ಬಟನ್ ಇದೆ. ಅವರಿಗೆ ಬೆರಳು ಗೊತ್ತಾಗಲ್ಲ. ಚಮಚ ಹಿಡಿಯೋಕಾಗಲ್ಲ. ಪುಸ್ತಕದಲ್ಲಿ ಇರೋದು ಸುಳ್ಳು."

ಡಾಕ್ಟರರು ಎದ್ದು ನಿಲ್ಲಲಿಲ್ಲ, ಗದರಲಿಲ್ಲ. "ಯಾವತ್ತಿಂದ?"

"ಒಂಬತ್ತನೇ ದಿನದಿಂದ."

"ಹದಿನೈದನೇ ದಿನ ನಾನು ಇನ್ನೊಂದು ಡ್ರಿಪ್ ಕೊಟ್ಟಿದ್ದೀನಿ, ಮದಾಮ್. ನೀವು ಬರೆದದ್ದನ್ನ ನಂಬಿ."

"ಗೊತ್ತು."

"ಕರೀರಿ ಅವರನ್ನ."

ಲುತ್ಫಿ ಬಂದ. ಬಾಗಿಲಲ್ಲೇ ಅವಳ ಮುಖ ನೋಡಿ ಅವನಿಗೆ ಎಲ್ಲ ತಿಳಿದುಹೋಯಿತು. ಆದರೂ ಕುರ್ಚಿಯಲ್ಲಿ ನೆಟ್ಟಗೆ ಕೂತ. ಡಾಕ್ಟರರು ಕಣ್ಣು ಮುಚ್ಚಲು ಹೇಳಿದರು. ಅಂಗೈ ಚಾಚಲು ಹೇಳಿದರು. ಮೇಜಿನ ಮೇಲಿಂದ ಒಂದು ಬೀಗದ ಕೈ ಎತ್ತಿ ಅವನ ಬೆರಳುಗಳ ಮೇಲೆ ಇಟ್ಟರು.

"ಏನಿದೆ ಕೈಯಲ್ಲಿ?"

ಲುತ್ಫಿ ಕಣ್ಣು ಮುಚ್ಚಿಯೇ ಕಾದ. ತಹಾನಿ ಮುಖ ತಿರುಗಿಸಿದಳು.

"ಕೊಡಿ, ಹೇಳ್ತೀನಿ," ಎಂದ ಅವನು.

ಅವನು ಕಣ್ಣು ಬಿಟ್ಟು, ಕೈಯಲ್ಲಿದ್ದುದನ್ನು ನೋಡಿದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಡಾಕ್ಟರರ ಕಡೆ ಅಲ್ಲ, ಅವಳ ಕಡೆ ತಿರುಗಿ ಮೆಲ್ಲಗೆ, ಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳಿದ: "ಇವಳಿಗೆ ನಾನು ಸಾಯ್ಬೇಕು, ಡಾಕ್ಟರ್. ಬರ್ಕೊಳ್ಳಿ."

ಡಾಕ್ಟರರು ಬೇರೆಯದನ್ನು ಬರೆದುಕೊಂಡರು. ಇವತ್ತಿನ ಡ್ರಿಪ್ ಇಲ್ಲ. ನರಗಳು ಚೇತರಿಸಿಕೊಂಡರೆ, ತಿಂಗಳ ಮೇಲೆ, ಕಡಿಮೆ ಅಳತೆಯಲ್ಲಿ ಕೊಡುವ ವಿಚಾರ ಮಾಡಬಹುದು, ಚೇತರಿಸದಿದ್ದರೆ ಇಲ್ಲ. ಗಡ್ಡೆ ಅಲ್ಲಿಯ ತನಕ ಏನು ಮಾಡುತ್ತದೆಂದು ಲುತ್ಫಿ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮುಂದಿನ ಮೂವರಿಗೆ ಅಳತೆ ಏರಿಸುವುದಿಲ್ಲ, ಇದೇ ಅಳತೆಯನ್ನು ಇನ್ನು ಮೂವರಿಗೆ ಕೊಟ್ಟು ನೋಡಬೇಕು, ಅದೂ ಪ್ರತಿವಾರ ಕೈಕಾಲು ಪರೀಕ್ಷೆ ಮಾಡಿ. ಅವಳನ್ನು ಹೊರಗೆ ಬಿಡುವಾಗ ತಹಾನಿ ತೋಳು ಹಿಡಿದು ನಿಲ್ಲಿಸಿದಳು. "ಎಲ್ಲರ ಮುಂದೆ ನಿನ್ನ ಪುಸ್ತಕ ತೋರಿಸ್ಕೊಂಡು ತಿರುಗಿದೆ ನಾನು," ಎಂದಳು. ನೀವು ಎಂಬುದು ಹೋಗಿತ್ತು. "ಉಳಿದ ಎಂಟು ಪುಸ್ತಕ ನಾನು ಯಾವ ಕಣ್ಣಿಂದ ನೋಡ್ಲಿ ಈಗ? ಹೋಗು. ನನಗೆ ಥ್ಯಾಂಕ್ಸ್ ಹೇಳೋ ಮನಸ್ಸಿಲ್ಲ."

ಸುದ್ದಿ ಬೆಂಚಿಗೆ ಆಗಲೇ ತಲುಪಿತ್ತು. ಮದೀಹಾ ಎದ್ದು ದಾರಿಗೆ ಅಡ್ಡ ನಿಂತಿದ್ದಳು, ಕೋಟಿನ ಬೆಲ್ಟು ಬಿಚ್ಚಿ ನೇತಾಡುತ್ತಿತ್ತು.

"ನಿನ್ನನ್ನ ಯಾರು ಕೇಳಿದ್ರು?" ಎಂದಳು. "ಆರು ವಾರ ಕಾದಿದ್ದೀನಿ ನಾನು, ನನಗೆ ಜಾಸ್ತಿ ಸಿಗ್ತದೆ ಅಂತ. ಜಾಸ್ತಿ ಕೊಟ್ರೆ ತಾನೆ ಅದು ಸಾಯೋದು? ಈಗ ನಿನ್ನ ಗಂಡನ ಅಳತೆನೇ ನನಗಂತೆ. ಅವನ ಕೈ ಹೋಗಿದೆ, ಕಾಯಿಲೆ ಹೋಗಿಲ್ಲ. ಅದನ್ನ ನನ್ನ ತಲೆಗೆ ಕಟ್ಟಿದ್ಯಲ್ಲ, ಯಾ ಬಿಂತಿ, ಮಗಳೇ, ನಾನು ನಿನಗೇನು ಮಾಡಿದ್ದೆ?"

"ಕೈ ಹೋಗೋದು ಬೇಡ ಅಂದ್ರಿ."

"ಅಂದೆ. ಅಂದಿದ್ದಕ್ಕೆಲ್ಲ ನೀನು ಯಾರು?" ಅವಳು ಕೋಟಿನ ಬೆಲ್ಟನ್ನು ಎಳೆದು ಕಟ್ಟಿಕೊಂಡಳು. "ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಇವತ್ತು ಒಂದು ರಾತ್ರಿ ಮಲಗ್ತಿದ್ದೆ."

ರಬಾಬ್ ಬದಿಯಿಂದ ನುಸುಳಿಕೊಂಡು ಹೋದಳು. ಲುತ್ಫಿ ಅವಳನ್ನು ಕಾಯದೆ ನಡೆದಿದ್ದ. ಲಿಫ್ಟಿನ ಮುಂದೆ ಎಲ್ಲವನ್ನೂ ಕೇಳಿಸಿಕೊಂಡ ಜನ ನಿಂತಿದ್ದರು. ಅವರ ನಡುವೆ ನಿಲ್ಲಲಾರದೆ ಅವನು ಮೆಟ್ಟಿಲಿನ ಕಡೆ ತಿರುಗಿಬಿಟ್ಟಿದ್ದ. ಅವನ ಪಾದಗಳೂ ಹೋಗಿವೆ ಎಂದು ಅವಳಿಗೆ ತಿಳಿದದ್ದು ಆಗ. ಅದನ್ನು ಅವಳಿಗೂ ಹೇಳಿರಲಿಲ್ಲ. ಪ್ರತಿ ಮೆಟ್ಟಿಲನ್ನೂ ಅವನು ಮೊದಲು ಕಣ್ಣಿನಿಂದ ಇಳಿಯುತ್ತಿದ್ದ. ಬೂಟು ಕಲ್ಲಿನ ಮೇಲೆ ಕೂತಿದೆ ಎಂದು ನೋಡಿಕೊಂಡು, ಆಮೇಲೆ ಮೈಯ ಭಾರ ಬಿಡುತ್ತಿದ್ದ. ಅವಳು ಅವನನ್ನು ದಾಟಿ ಎರಡು ಮೆಟ್ಟಿಲು ಕೆಳಗೆ ಹೋಗಿ, ಅವನಿಗೆ ಬೆನ್ನು ಕೊಟ್ಟು ನಿಂತಳು.

"ಸರಿ ಅತ್ಲಾಗೆ."

"ಸರಿಯೋದಿಲ್ಲ."

"ಬಿದ್ರೆ ನಿನಗೇನು?"

"ಬಿದ್ರೆ ನನ್ನ ಮೇಲೆ ಬೀಳ್ತೀಯ. ಇಳಿ."

ನಾಲ್ಕನೆಯ ಮಹಡಿಯನ್ನು ಹೀಗೆಯೇ ದಾಟಿದರು. ಮೇಲಿಂದ ಬಂದ ಯಾರೋ ಇಬ್ಬರು ಇವರನ್ನು ಸುತ್ತಿಕೊಂಡು ಇಳಿದುಹೋದರು, ಅವರ ಕಾಲುಗಳ ಸಲೀಸು ಕೇಳಲು ಅಸಹ್ಯವಾಗಿತ್ತು.

"ಯಾವತ್ತಿಂದ ಹೇಳ್ಬೇಕು ಅಂತಿದ್ದೆ?" ಎಂದ ಲುತ್ಫಿ ಹಿಂದಿನಿಂದ.

"ಅಂಗಡೀಲಿ ಸುಟ್ಟ ದಿನದಿಂದ."

ಅವನು ಲೆಕ್ಕ ಹಾಕುತ್ತಿದ್ದ. ಉಸಿರಿನಲ್ಲಿ ಅವಳಿಗೆ ಗೊತ್ತಾಯಿತು. "ಹಾಗಾದ್ರೆ ಎರಡನೇ ಡ್ರಿಪ್ ನಿನ್ನಿಂದ ಸಿಕ್ಕಿದ್ದು," ಎಂದ. ಅದು ಉಪಕಾರ ನೆನೆದದ್ದೋ ಆರೋಪವೋ ಅವಳಿಗೆ ತಿಳಿಯಲಿಲ್ಲ. ತಿರುಗಿ ಮುಖ ನೋಡುವ ಧೈರ್ಯವೂ ಆಗಲಿಲ್ಲ.

ಮೂರನೆಯ ಮಹಡಿಯ ತಿರುವಿನಲ್ಲಿ ಮೆಟ್ಟಿಲಿನ ಪಕ್ಕದ ಕಂಬಿ ಮುರಿದಿತ್ತು. ಅವನು ನಿಂತ. ಅವಳೂ ನಿಂತಳು. ಬಹಳ ಹೊತ್ತಾದ ಮೇಲೆ ಅವನ ಕೈ ಬಂದು ಅವಳ ಭುಜದ ಮೇಲೆ ಬಿತ್ತು. ಕಂಬ ಹಿಡಿಯುವ ಹಾಗೆ ಹಿಡಿದ, ಬೆರಳುಗಳು ಎಲುಬಿನ ಸಂದಿಗೆ ಇಳಿದವು. ಅವಳು ತುಟಿ ಕಚ್ಚಿಕೊಂಡು ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ಹಿಡಿತ ಇನ್ನೂ ಬಿಗಿಯಾಯಿತು.

"ನೋಯ್ತಿದೆ," ಎಂದಳು.

"ನಂಗೆ ಗೊತ್ತಾಗ್ತಿಲ್ಲ," ಎಂದ ಲುತ್ಫಿ.

ಅವನು ಕೈ ತೆಗೆಯಲಿಲ್ಲ. ಅವಳು ಭುಜ ಸರಿಸಲಿಲ್ಲ. ಕೆಳಗೆ ಇನ್ನೂ ಎರಡು ಮಹಡಿ ಇತ್ತು.